ದೊಡ್ಡಮ್ಮನ ಫೋನಲ್ಲಿ ಕಾಣದ ಬಟನ್

ಹೋದ ತಿಂಗಳು ಒಂದು ದಿನ ದೊಡ್ಡಮ್ಮ ಬೆಳಿಗ್ಗೆ ಬೇಗ ಉಜಿರೆಯಲ್ಲಿ ಬಸ್ಸು ಹತ್ತಿ ಮಂಗಳೂರಿಗೆ ಹೋದರು. ಸಂಜೆ ಮಳೆಯಲ್ಲಿ ಒದ್ದೆಯಾಗಿ ಮನೆಗೆ ಬಂದರು. ಹೋದ ಕೆಲಸ ಆಗಿರಲಿಲ್ಲ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲಿನ ಚೆಕಪ್ ಅದು. ಆ ದಿನ ಡಾಕ್ಟರ್ ರಜೆಯಲ್ಲಿದ್ದರಂತೆ. ಹೋಗಿ ಬರುವುದು ಅಂದ್ರೆ 120 ಕಿ.ಮೀ.ಗಿಂತ ಹೆಚ್ಚು, ಅದೂ ಒಂದು ಕಣ್ಣಿಗೆ ಕಪ್ಪು ಕನ್ನಡಕದ ಆಸರೆಯಲ್ಲಿ.

"ಮೊದಲೇ ಆನ್‌ಲೈನಲ್ಲಿ ಅಪಾಯಿಂಟ್‌ಮೆಂಟ್ ತಗೊಂಡಿದ್ರೆ ಗೊತ್ತಾಗ್ತಿತ್ತಲ್ಲ ದೊಡ್ಡಮ್ಮ? ನನಗೆ ಹೇಳಿದ್ರೆ ಮಾಡಿಕೊಡ್ತಿದ್ದೆ" ಅಂದೆ.

"ನಾನೇ ಮಾಡ್ಲಿಕ್ಕೆ ನೋಡಿದೆ ಮಾರಾಯ. ಎರಡು ದಿನ ನೋಡಿದೆ. ಎಲ್ಲ ತುಂಬಿಸಿದ ಮೇಲೆ ಒತ್ತುವ ಜಾಗವೇ ಇಲ್ಲ! ನಿನಗೆ ಯಾವಾಗ ನೋಡಿದ್ರೂ ಮೀಟಿಂಗ್. ನನಗೇ ಇದೆಲ್ಲ ಗೊತ್ತಾಗುದಿಲ್ಲ ಅಂತ ಬಿಟ್ಟೆ."

ದೊಡ್ಡಮ್ಮ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರೇ. ಅಂಥವರು "ನನಗೇ ಗೊತ್ತಾಗುದಿಲ್ಲ" ಅಂದದ್ದು ಕೇಳಿ ಒಂಥರಾ ಆಯ್ತು. ಫೋನ್ ಕೊಡಿ ಅಂದೆ.

ಅವರ ಫೋನಿನಲ್ಲಿ ಫಾಂಟ್ ಸೈಜನ್ನು ಕೊನೆಯ ತನಕ ಎಳೆದಿಟ್ಟಿದ್ದರು. ಡಿಸ್‌ಪ್ಲೇ ಸೈಜ್ ಕೂಡ ದೊಡ್ಡದು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಪುಟ ತೆರೆದೆ. ಹೆಸರು, ಊರು, ದಿನಾಂಕ ಎಲ್ಲ ಬಂತು. ಕೆಳಗೆ ಬಟನ್ ಇಲ್ಲ. ಸ್ಕ್ರೋಲ್ ಮಾಡಿದರೆ ಪುಟ ಅಲುಗಾಡುವುದಿಲ್ಲ. ಎರಡು ಬೆರಳಿಟ್ಟು ಝೂಮ್ ಮಾಡಲು ನೋಡಿದೆ, ಅದೂ ಆಗಲಿಲ್ಲ. ಅದೇ ಪುಟ ನನ್ನ ಫೋನಿನಲ್ಲಿ ಚೆನ್ನಾಗಿಯೇ ಉಂಟು, ಹಸಿರು ಬಟನ್ ಕೆಳಗೆ ಎದ್ದು ಕಾಣುತ್ತದೆ.

ಲ್ಯಾಪ್‌ಟಾಪಿನಲ್ಲಿ ಆ ಪುಟದ ಕೋಡ್ ತೆಗೆದು ನೋಡಿದೆ. ಮೇಲ್ಗಡೆಯೇ ಒಂದು ಸಾಲು ಸಿಕ್ಕಿತು: 'ಯೂಸರ್-ಸ್ಕೇಲೆಬಲ್ ಈಕ್ವಲ್ಸ್ ನೋ'. ಬಳಸುವವರು ಝೂಮ್ ಮಾಡಬಾರದು ಅಂತ ಅದರ ಅರ್ಥ. ನನಗೆ ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಅದೇ ಸಾಲನ್ನು ನಾನೂ ನಾಲ್ಕಾರು ಪ್ರಾಜೆಕ್ಟ್‌ಗಳಲ್ಲಿ ಕಣ್ಣು ಮುಚ್ಚಿ ಕಾಪಿ ಮಾಡಿದ್ದೇನೆ.

ದೊಡ್ಡದು ಮಾಡುವುದರಲ್ಲಿ ಮೂರು ಬಗೆ

ನಾವು ಎಲ್ಲದಕ್ಕೂ 'ಝೂಮ್' ಅಂತೇವೆ. ಆದರೆ ಬ್ರೌಸರಿಗೆ ಅವು ಮೂರು ಬೇರೆ ಬೇರೆ ಸಂಗತಿಗಳು.

ಒಂದನೆಯದು ಎರಡು ಬೆರಳಿನ ಝೂಮ್. ಇದು ಪೇಪರಿನ ಮೇಲೆ ಭೂತಗನ್ನಡಿ ಇಟ್ಟ ಹಾಗೆ. ಪುಟದ ಜೋಡಣೆ ಬದಲಾಗುವುದಿಲ್ಲ, ನಾವು ಅದರ ಒಂದು ತುಂಡನ್ನು ದೊಡ್ಡದಾಗಿ ನೋಡುತ್ತೇವೆ ಅಷ್ಟೆ.

ಎರಡನೆಯದು ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಮಾಡುವ ಝೂಮ್. ಇಲ್ಲಿ ಬ್ರೌಸರ್ ತನ್ನ ಅಳತೆಗೋಲನ್ನೇ ಹಿಗ್ಗಿಸುತ್ತದೆ. ಕೋಡ್‌ನಲ್ಲಿ ನಾವು ಬರೆಯುವ ಪಿಕ್ಸೆಲ್ ಅಂದ್ರೆ ಸ್ಕ್ರೀನಿನ ಒಂದು ಚುಕ್ಕಿ ಅಂತ ಅಲ್ಲ, ಅದೊಂದು ಲೆಕ್ಕದ ಅಳತೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 200% ಮಾಡಿದರೆ ಪುಟದ ಪಾಲಿಗೆ ಅಗಲ 640 ಆಗುತ್ತದೆ. 400% ಮಾಡಿದರೆ 320, ಅಂದರೆ ಒಂದು ಸಣ್ಣ ಫೋನಿನಷ್ಟು. ದೊಡ್ಡ ಸ್ಕ್ರೀನಿನಲ್ಲಿ ಝೂಮ್ ಮಾಡುತ್ತಾ ಹೋದರೆ ಮೆನು ಮಾಯವಾಗಿ ಮೂರು ಗೆರೆಯ ಗುರುತು ಬರುವುದನ್ನು ನೋಡಿರುತ್ತೀರಿ. ಪುಟ ಹಾಳಾಯ್ತು ಅಂತ ತಿಳಿಯಬೇಡಿ. ನೀವು ಫೋನಿನಲ್ಲಿದ್ದೀರಿ ಅಂತ ಅದು ನಂಬಿದೆ. ಫೋನಿನ ಡಿಸ್‌ಪ್ಲೇ ಸೈಜ್ ಹೆಚ್ಚಿಸಿದಾಗ ಆಗುವುದೂ ಹೀಗೇ. ದೊಡ್ಡಮ್ಮನ ಫೋನ್ ಕೈಯಲ್ಲಿ ದೊಡ್ಡದೇ, ಆದರೆ ಪುಟದ ಲೆಕ್ಕದಲ್ಲಿ ತೀರಾ ಇಕ್ಕಟ್ಟು.

ಮೂರನೆಯದು ಫಾಂಟ್ ಸೈಜ್. ಇಲ್ಲಿ ಅಕ್ಷರ ಮಾತ್ರ ಬೆಳೆಯುತ್ತದೆ. ಅದರ ಸುತ್ತಲಿನ ಪೆಟ್ಟಿಗೆಯ ಎತ್ತರವನ್ನು ಡೆವಲಪರ್ 40 ಪಿಕ್ಸೆಲ್ ಅಂತ ಕಟ್ಟಿ ಹಾಕಿದ್ದರೆ ಪೆಟ್ಟಿಗೆ ಬೆಳೆಯುವುದಿಲ್ಲ. ಐದನೇ ಕ್ಲಾಸಿನ ಹುಡುಗನಿಗೆ ಒಂದನೇ ಕ್ಲಾಸಿನ ಅಂಗಿ ಹಾಕಿದ ಹಾಗೆ ಆಗುತ್ತದೆ.

ಬಟನ್ ಎಲ್ಲಿ ಹೋಗಿತ್ತು?

ಬಟನ್ ಅಲ್ಲೇ ಇತ್ತು, ಸ್ಕ್ರೀನಿನ ಕೆಳಗೆ. ಆ ಪುಟಕ್ಕೆ '100 ವಿಎಚ್' ಎತ್ತರ ಕೊಟ್ಟಿದ್ದರು, ಅಂದರೆ ಸ್ಕ್ರೀನ್ ಎಷ್ಟೋ ಪುಟವೂ ಅಷ್ಟೇ. ಜೊತೆಗೆ ಹೊರಗೆ ಉಕ್ಕಿದ್ದನ್ನು ಅಡಗಿಸು ಅಂತ ಇನ್ನೊಂದು ಸಾಲು. ಆ್ಯಪ್ ತರ ಕಾಣಲಿ, ಪುಟ ಓಲಾಡದಿರಲಿ ಅಂತ ನಾವೆಲ್ಲ ಹೀಗೆ ಮಾಡ್ತೇವೆ. ತೊಂದರೆ ಎಂತ ಅಂದ್ರೆ, ಫೋನಿನಲ್ಲಿ ಈ 100 ವಿಎಚ್ ಅನ್ನು ಬ್ರೌಸರಿನ ಅಡ್ರೆಸ್ ಬಾರ್ ಮರೆಯಾದಾಗ ಸಿಗುವ ಎತ್ತರಕ್ಕೆ ಲೆಕ್ಕ ಹಾಕುತ್ತಾರೆ. ಬಾರ್ ಕಾಣುತ್ತಿರುವಾಗ ಪುಟದ ಕೆಳಗಿನ ಒಂದು ಪಟ್ಟಿ ಹೊರಗೆ ಉಳಿಯುತ್ತದೆ. ನನ್ನ ಫೋನಿನಲ್ಲಿ ಬಟನ್‌ನ ಕೆಳಗೆ ಸ್ವಲ್ಪ ಖಾಲಿ ಜಾಗ ಇದ್ದದ್ದರಿಂದ ಬಚಾವ್. ದೊಡ್ಡಮ್ಮನ ಫೋನಿನಲ್ಲಿ ದೊಡ್ಡ ಅಕ್ಷರಗಳು ಬಟನನ್ನು ಇನ್ನೂ ಕೆಳಗೆ ತಳ್ಳಿದ್ದವು. ಸ್ಕ್ರೋಲ್ ಬಂದ್, ಝೂಮ್ ಬಂದ್. ಮನೆಯ ಎರಡೂ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದ ಹಾಗೆ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಎತ್ತರವನ್ನು ಇಷ್ಟೇ ಅಂತ ಕಟ್ಟುವ ಬದಲು ಕನಿಷ್ಠ ಇಷ್ಟು ಅಂತ ಹೇಳಬೇಕು, ಆಗ ಒಳಗಿನದ್ದು ಬೆಳೆದರೆ ಪುಟವೂ ಬೆಳೆಯುತ್ತದೆ. ಅಡ್ರೆಸ್ ಬಾರಿನ ಲೆಕ್ಕ ಸರಿಯಾಗಿ ಹಿಡಿಯುವ 'ಡಿವಿಎಚ್' ಎಂಬ ಅಳತೆ 2022ರಲ್ಲೇ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರಕ್ಕೂ ಬಂದಿದೆ.

ಝೂಮ್ ಯಾಕೆ ಬಂದ್ ಮಾಡ್ತೇವೆ?

2007ರಲ್ಲಿ ಐಫೋನ್ ಬಂದಾಗ ವೆಬ್ ಪುಟಗಳೆಲ್ಲ ಕಂಪ್ಯೂಟರಿಗಾಗಿ ಮಾಡಿದವು. ಹಾಗಾಗಿ ಸಫಾರಿ ಪುಟವನ್ನು 980 ಪಿಕ್ಸೆಲ್ ಅಗಲ ಅಂತ ಅಂದಾಜು ಮಾಡಿ ಕುಗ್ಗಿಸಿ ತೋರಿಸುತ್ತಿತ್ತು. ಹಾಗೆ ಮಾಡಬೇಡ, ಫೋನಿನ ನಿಜ ಅಗಲವನ್ನೇ ಹಿಡಿ ಅಂತ ಹೇಳಲು 'ವ್ಯೂಪೋರ್ಟ್' ಎಂಬ ಸಾಲು ಬಂತು. ಅದರ ಬಾಲಕ್ಕೆ ಝೂಮ್ ತಡೆಯುವ ಮಾತನ್ನೂ ಸೇರಿಸಬಹುದಿತ್ತು.

ನಾನು ಸೇರಿಸಿದ ಕಾರಣ ಹೇಳ್ತೇನೆ. ಐಫೋನಿನಲ್ಲಿ ತುಂಬಿಸುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲಿಗಿಂತ ಸಣ್ಣದಿದ್ದರೆ, ಅದನ್ನು ಮುಟ್ಟಿದ ಕೂಡಲೇ ಸಫಾರಿ ತಾನಾಗಿ ಝೂಮ್ ಮಾಡುತ್ತದೆ. ಕ್ಲೈಂಟ್‌ಗೆ ಡೆಮೋ ಕೊಡುವಾಗ ಪುಟ ಹೀಗೆ ಮುಂದಕ್ಕೆ ಹಾರಿತು. "ಇದೆಂತದು, ಸರಿ ಮಾಡಿ" ಅಂದರು. ಹುಡುಕಿದೆ, ಒಂದು ಸಾಲು ಸಿಕ್ಕಿತು, ಹಾಕಿದೆ, ಮನೆಗೆ ಹೋದೆ. ನಿಜವಾದ ಮದ್ದು ಆ ಪೆಟ್ಟಿಗೆಯ ಅಕ್ಷರವನ್ನು 14ರಿಂದ 16ಕ್ಕೆ ಏರಿಸುವುದು. ಸಣ್ಣ ಅಕ್ಷರ ಓದಲು ಕಷ್ಟ ಅಂತ ಫೋನೇ ಸಹಾಯಕ್ಕೆ ಬಂದರೆ ನಾನು ಫೋನಿನ ಬಾಯಿ ಮುಚ್ಚಿಸಿದ್ದೆ.

2016ರಲ್ಲಿ ಐಓಎಸ್ 10 ಬಂದ ಮೇಲೆ ಸಫಾರಿ ಈ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬೆರಳಿಟ್ಟರೆ ಝೂಮ್ ಆಗುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮಾತ್ರ ನಾವಾಗಿ ಹೋಗಿ ಸೆಟ್ಟಿಂಗ್ ಬದಲಿಸಬೇಕು. ನಮ್ಮ ಊರಿನಲ್ಲಿ ಹಿರಿಯರ ಕೈಯಲ್ಲಿರುವುದು ಹೆಚ್ಚಾಗಿ ಆಂಡ್ರಾಯ್ಡ್ ಫೋನೇ ತಾನೇ?

ನೇತ್ರ ಹೋಗಿ ನೇತ ಆದದ್ದು

ದೊಡ್ಡಮ್ಮನ ಇನ್ನೊಂದು ದೂರು ಇತ್ತು. "ಇವರಿಗೆ ಕನ್ನಡ ಬರೆಯಲಿಕ್ಕೂ ಬರುದಿಲ್ಲ. ನೋಡು, ನೇತ ವಿಭಾಗ ಅಂತೆ. ಊರಿನ ಹೆಸರು ಧರ್ಮಸಳ ಅಂತ ಹಾಕಿದ್ದಾರೆ. ನಮ್ಮ ತಾಲೂಕು ಬೆಳಂಗಡಿ ಅಂತೆ!"

ಬರೆದವರು ಸರಿಯಾಗಿಯೇ ಬರೆದಿದ್ದರು. ಒತ್ತಕ್ಷರಗಳನ್ನು ಪುಟ ಕತ್ತರಿಸಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಗೆರೆಯಿಂದ ಕೆಳಗಿಳಿಯುವವು ನಾಲ್ಕೈದು, ಅವೂ ಸ್ವಲ್ಪವೇ. ಕನ್ನಡದಲ್ಲಿ ಒತ್ತಕ್ಷರ ಪೂರ್ತಿ ಕೆಳಗೇ ಕೂರುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿಯಾಗಿ ಕಟ್ಟಿ, ಹೊರಗೆ ಬಂದದ್ದನ್ನು ಅಡಗಿಸು ಅಂದರೆ ಮೊದಲು ಹೋಗುವುದು ಅದೇ. ಫಾಂಟ್ ಸೈಜ್ ಹೆಚ್ಚಿದಷ್ಟೂ ಹೆಚ್ಚು ಹೋಗುತ್ತದೆ.

ನಾನು ಹೊಸ ಪುಟ ಮಾಡಿದಾಗ ಟೆಸ್ಟ್ ಮಾಡಲು ಯಾವಾಗಲೂ 'ಉಜಿರೆ' ಅಂತ ಟೈಪ್ ಮಾಡುವವನು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕಾಣದೆ ಎಂತ, ಉಜಿರೆಗೆ ಒತ್ತಕ್ಷರವೇ ಇಲ್ಲವಲ್ಲ! ಈಗ 'ಬೆಳ್ತಂಗಡಿ' ಹಾಕುತ್ತೇನೆ. ಅದರ ಜೊತೆಗೆ 'ಗುರುವಾಯನಕೆರೆ' ಕೂಡ. ಆ ಹೆಸರಿನಲ್ಲಿ ನಡುವೆ ಎಲ್ಲೂ ಖಾಲಿ ಜಾಗ ಇಲ್ಲ, ಹಾಗಾಗಿ ಬ್ರೌಸರ್ ಅದನ್ನು ಮುರಿದು ಎರಡನೇ ಸಾಲಿಗೆ ತರುವುದಿಲ್ಲ. ಪಕ್ಕಪಕ್ಕ ಜೋಡಿಸಿದ ಪೆಟ್ಟಿಗೆಗಳಲ್ಲಿ ಒಂದು ಉದ್ದ ಪದ ಬಂದರೆ ಸಾಕು, ಇಡೀ ಪುಟ ಅಡ್ಡಕ್ಕೆ ಹಿಗ್ಗಿ, ಎಡಕ್ಕೂ ಬಲಕ್ಕೂ ಎಳೆದು ಓದಬೇಕಾಗುತ್ತದೆ. ಕೋಡ್ ಬರೆಯುವವರಿಗೆ: ಆ ಪೆಟ್ಟಿಗೆಗೆ 'ಮಿನ್-ವಿಡ್ತ್' ಸೊನ್ನೆ ಕೊಡಿ, 'ಓವರ್‌ಫ್ಲೋ-ರ್‍ಯಾಪ್' ಹಾಕಿ. ಸಾಲಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟದೆ 1.6ರ ಹಾಗೆ ಬರೀ ಸಂಖ್ಯೆಯಲ್ಲಿ ಕೊಡಿ, ಆಗ ಅಕ್ಷರದ ಜೊತೆ ಸಾಲೂ ಬೆಳೆಯುತ್ತದೆ.

"ನನ್ನ ಮಷಿನ್‌ನಲ್ಲಿ ಸರಿ ಉಂಟು"

ನಮ್ಮ ವೃತ್ತಿಯ ರಾಷ್ಟ್ರಗೀತೆ ಇದು. ಇದರ ಹಿಂದೆಯೂ ಎಷ್ಟೋ ಸಲ ಝೂಮ್ ಇರುತ್ತದೆ. ಟೆಸ್ಟಿಂಗ್ ಟೀಮಿನ ಒಬ್ಬರು ಟೇಬಲಿನ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಮಾಯ ಅಂತ ಟಿಕೆಟ್ ಹಾಕಿದ್ದರು. ನನಗೆ ಕಾಣಲೇ ಇಲ್ಲ. ಅರ್ಧ ದಿನ ಹೋದ ಮೇಲೆ ಗೊತ್ತಾಯ್ತು, ಅವರ ಬ್ರೌಸರ್ 110%ರಲ್ಲಿತ್ತು. 1 ಪಿಕ್ಸೆಲ್ ಗೆರೆ 1.1 ಆಗುತ್ತದೆ. ಸ್ಕ್ರೀನಿಗೆ ಪೂರ್ತಿ ಚುಕ್ಕಿ ಬೇಕು, ಹಾಗಾಗಿ ಬ್ರೌಸರ್ ಎಲ್ಲೋ ಒಂದು ಕಡೆ ಲೆಕ್ಕ ಸರಿದೂಗಿಸಬೇಕು. ಕ್ರೋಮ್ ಒಂದೊಂದು ಸೈಟಿಗೂ ಝೂಮ್ ನೆನಪಿಟ್ಟುಕೊಳ್ಳುತ್ತದೆ, ನಾವು ಮರೆತರೂ ಅದು ಮರೆಯುವುದಿಲ್ಲ. ಹಾಗಾಗಿ ಪುಟ ವಿಚಿತ್ರವಾಗಿ ಕಂಡರೆ ಮೊದಲು ಕಂಟ್ರೋಲ್ ಮತ್ತು ಸೊನ್ನೆ ಒತ್ತಿ. 100%ಗೆ ಬಂದು ಸರಿಯಾದರೆ ರೋಗ ಎಲ್ಲಿದೆ ಅಂತ ಗೊತ್ತಾಯ್ತು.

ಆದರೆ ಅಲ್ಲಿಗೇ ಟಿಕೆಟ್ ಮುಚ್ಚಬೇಡಿ. ಆ ದಿನ ನಾನು "ನಿಮ್ಮ ಝೂಮ್ ಸರಿ ಮಾಡಿಕೊಳ್ಳಿ" ಅಂತ ಬರೆದು ಮುಚ್ಚಿದ್ದೆ. ಝೂಮ್ ಮಾಡಿದ್ದು ತಪ್ಪು ಅಂತ ನನ್ನ ಲೆಕ್ಕ. ದೊಡ್ಡಮ್ಮ "ನನಗೇ ಗೊತ್ತಾಗುದಿಲ್ಲ" ಅಂದದ್ದರಲ್ಲೂ ಇದೇ ಲೆಕ್ಕ ಇತ್ತು. ತಪ್ಪು ತನ್ನದೇ ಅಂತ ಅವರೇ ತೀರ್ಮಾನ ಮಾಡಿದ್ದರು.

ಅಕ್ಷರವನ್ನು 200% ದೊಡ್ಡದು ಮಾಡಿದರೂ ಪುಟ ಕೆಲಸ ಮಾಡಬೇಕು ಅಂತ ಡಬ್ಲ್ಯೂ3ಸಿ 2008ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. 320 ಪಿಕ್ಸೆಲ್ ಅಗಲದಲ್ಲಿ ಅಡ್ಡಕ್ಕೆ ಎಳೆಯದೆ ಓದಲು ಆಗಬೇಕು ಅಂತ 2018ರಲ್ಲಿ ಸೇರಿಸಿತು. ನಮ್ಮ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಕೊಟ್ಟ ತೀರ್ಪಿನಲ್ಲಿ ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿದೆ. ಆ ಪ್ರಕರಣ ಕೆವೈಸಿ ಮಾಡಿಸಲು ಆಗದ ದೃಷ್ಟಿಹೀನರ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರ ಕುರಿತದ್ದು. ಬಟನ್ ಕಾಣದಿರುವುದು ಸಣ್ಣ ವಿಷಯ ಅಂತ ಇನ್ನು ಹೇಳುವಂತಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ನೀವು ಕೋಡ್ ಬರೆಯುವವರಲ್ಲದಿದ್ದರೂ ಇದನ್ನು ಮಾಡಿ. ಅಪ್ಪ ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ. ಸೈಟ್ ಬೇಡ ಅಂದರೂ ಝೂಮ್ ಮಾಡಲು ಬಿಡುವ ಆಯ್ಕೆ ಅಲ್ಲಿ ಉಂಟು, ಅದನ್ನು ಆನ್ ಮಾಡಿ. ಬಟನ್ ಸಿಗದಿದ್ದರೆ ಸ್ವಲ್ಪ ಹೊತ್ತಿಗೆ ಫಾಂಟ್ ಸೈಜ್ ಇಳಿಸಿ ನೋಡಲು ಹೇಳಿಕೊಡಿ. ಸೈಟಿನವರಿಗೆ ಒಂದು ಮೇಲ್ ಹಾಕಿ, ಸ್ಕ್ರೀನ್‌ಶಾಟ್ ಸೇರಿಸಿ. ನಾನು ಆಸ್ಪತ್ರೆಗೆ ಹಾಕಿದ್ದೇನೆ. ಟೀಮ್‌ಗೆ ತಿಳಿಸಿದ್ದೇವೆ ಅಂತ ಉತ್ತರ ಬಂದಿದೆ. ಇದನ್ನು ಬರೆಯುವ ಹೊತ್ತಿಗೆ ಪುಟ ಹಾಗೇ ಉಂಟು.

ಕೋಡ್ ಬರೆಯುವವರಿಗೆ ಒಂದೇ ಮಾತು. ಒಂದು ದಿನ ನಿಮ್ಮ ಫೋನಿನ ಫಾಂಟ್ ಸೈಜ್, ಡಿಸ್‌ಪ್ಲೇ ಸೈಜ್ ಎರಡನ್ನೂ ಕೊನೆಗೆ ಎಳೆದು, ನೀವೇ ಮಾಡಿದ ಪುಟದಲ್ಲಿ ಒಂದು ಫಾರಂ ತುಂಬಿಸಿ. ಲ್ಯಾಪ್‌ಟಾಪಿನೊಳಗೆ ಫೋನಿನ ಆಕಾರ ಮಾಡಿ ನೋಡಿದರೆ ಇದು ಸಿಗುವುದಿಲ್ಲ. ನಾನು ಮಾಡಿದೆ. ನನ್ನ ಈಗಿನ ಪ್ರಾಜೆಕ್ಟಿನಲ್ಲಿ ಮೂರನೇ ಸ್ಕ್ರೀನಿನಿಂದ ಮುಂದೆ ಹೋಗಲು ಆಗಲಿಲ್ಲ. ಮ್ಯಾನೇಜರ್ "ಇಷ್ಟು ದೊಡ್ಡ ಫಾಂಟ್ ಇಡುವವರು ಎಷ್ಟು ಜನ?" ಅಂತ ಕೇಳಿದರು. ಬಟನ್ ಸಿಗದವರು ನಮ್ಮ ಲೆಕ್ಕಕ್ಕೇ ಬಂದಿರುವುದಿಲ್ಲ ಸರ್, ಅವರು ಬಸ್ಸು ಹತ್ತಿ ಹೋಗಿರುತ್ತಾರೆ ಅಂದೆ. ಎರಡು ದಿನ ಕೊಟ್ಟಿದ್ದಾರೆ. ಝೂಮ್ ತಡೆಯುವ ಸಾಲನ್ನು ತೆಗೆಯಲು ಎರಡು ನಿಮಿಷ ಸಾಕಾಯ್ತು, ಉಳಿದದ್ದಕ್ಕೆ ಎರಡು ದಿನವೂ ಬೇಕು.

ದೊಡ್ಡಮ್ಮನ ಫೋನಿನಲ್ಲಿ ಆ ಸೆಟ್ಟಿಂಗ್ ಹಾಕಿಕೊಟ್ಟು, ಫಾಂಟ್ ಒಂದು ಹಂತ ಇಳಿಸಿದೆ. ಬಟನ್‌ನ ಮೇಲಿನ ಅಂಚು ಕಂಡಿತು. ನಾನು ಒತ್ತಲು ಹೋದರೆ ಕೈ ತಳ್ಳಿ ತಾವೇ ಒತ್ತಿದರು. ಬರುವ ಗುರುವಾರ ಹತ್ತೂವರೆಗೆ ಸಿಕ್ಕಿದೆ. ಈ ಸಲ ಜೊತೆಗೆ ನಾನೂ ಹೋಗುತ್ತೇನೆ, ಮೀಟಿಂಗ್ ಇದ್ದರೂ.