ಬಳೆ ಸಡಿಲವಾದಾಗಲೇ ತೂಕ ನೋಡಿ

ಪೊಳಲಿಯಿಂದ ಕೈಕಂಬದ ದಾರಿಯಾಗಿ ಮಂಗಳೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬಂದ ಅಮ್ಮನ ಕೈ ನೋಡಿ. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆ ಈಗ ಮೊಣಕೈವರೆಗೆ ಜಾರುತ್ತದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ನೋಡಲು ಬಂದ ನೆಂಟರು "ಪಾಪ, ತುಂಬಾ ಇಳಿದುಹೋದರು" ಎನ್ನುತ್ತಾರೆ. ಮನೆಯವರು "ಕಾಯಿಲೆಯೇ ಅಂಥದ್ದು" ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ ಎನ್ನುವುದಕ್ಕೇ ಈ ಬರಹ.

ಇದು ಉಪವಾಸವಿದ್ದು ಇಳಿದ ಮೈಯಲ್ಲ. ಕ್ಯಾನ್ಸರ್ ಇಡೀ ದೇಹದಲ್ಲಿ ಉರಿಯೂತ ಎಬ್ಬಿಸುತ್ತದೆ, ಹಸಿವು ಸಾಯುತ್ತದೆ, ಸ್ನಾಯು ಕರಗುತ್ತದೆ. ವೈದ್ಯರು ಇದಕ್ಕೆ ಕ್ಯಾಕೆಕ್ಸಿಯಾ ಎನ್ನುತ್ತಾರೆ. 2011ರಲ್ಲಿ ತಜ್ಞರು ಅದಕ್ಕೊಂದು ಗೆರೆ ಹಾಕಿದರು: ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿಯುವುದು. ಮೊದಲೇ ಬಡಕಲು ಮೈಯವರಿಗೆ ಶೇ. 2 ದಾಟಿದರೂ ಸಾಕು. ಅಂದರೆ 60 ಕೆ.ಜಿ. ಇದ್ದವರು 57ಕ್ಕಿಂತ ಕೆಳಗಿಳಿದರೆ ಗೆರೆ ದಾಟಿದಂತೆ. ದಪ್ಪಗಿದ್ದವರಲ್ಲಿ ಕೊಬ್ಬಿನ ಮರೆಯಲ್ಲಿ ಸ್ನಾಯು ಕರಗುವುದು ಕಣ್ಣಿಗೇ ಬೀಳದು. ಸ್ನಾಯು ಹೋದವರಿಗೆ ಕೀಮೋ ತಡೆದುಕೊಳ್ಳುವುದು ಕಷ್ಟ, ಡೋಸು ಮುಂದೆ ಹೋಗುತ್ತದೆ. ತೀರಾ ಕರಗಿದ ಮೇಲೆ ಬರೀ ಊಟದಿಂದ ಅದನ್ನು ಮರಳಿಸಲಾಗದು.

ನಮ್ಮೂರಲ್ಲಿ ಇದಕ್ಕೆ ಪಥ್ಯವೂ ಸೇರಿಕೊಳ್ಳುತ್ತದೆ. ಮೀನು ನಂಜು, ಮೊಟ್ಟೆ ಉಷ್ಣ, ಮೊಸರು ಶೀತ ಎನ್ನುತ್ತ ಕೊನೆಗೆ ಬಟ್ಟಲಲ್ಲಿ ಉಳಿಯುವುದು ಗಂಜಿತಿಳಿ. ಜಾತ್ರೆಯ ಹೊತ್ತಿಗೆ ಪೊಳಲಿಯ ಕಲ್ಲಂಗಡಿಯನ್ನು ಪ್ರೀತಿಯಿಂದ ತಂದುಕೊಡುತ್ತಾರೆ. ಒಣಗಿದ ಬಾಯಿಗೆ ಅದು ಹಿತವೇ, ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರು. 60 ಕೆ.ಜಿ.ಯವರಿಗೆ ದಿನಕ್ಕೆ 60ರಿಂದ 90 ಗ್ರಾಂ ಪ್ರೋಟೀನ್ ಬೇಕು, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಕೊಳ್ಳಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಖಾರವಿಲ್ಲದೆ ಬೇಯಿಸಿದ ಬಂಗುಡೆ, ತೆಂಗಿನಹಾಲಿನ ಹೆಸರುಬೇಳೆ ಪಾಯಸ, ಗಟ್ಟಿ ಮೊಸರು, ಅರೆದ ನೆಲಗಡಲೆ, ಎರಡು ಗಂಟೆಗೊಮ್ಮೆ ನಾಲ್ಕೇ ಚಮಚವಾದರೂ ಸರಿ. ಅಂಗಳದಲ್ಲಿ ನಡೆಯಲಿ, ಇಡೀ ದಿನ ಮಲಗಿಸಬೇಡಿ. ಗಂಟಲು ಕ್ಯಾನ್ಸರ್‌ನವರಿಗೆ ಮೂಗಿನ ನಳಿಗೆ ಹಾಕೋಣ ಎಂದರೆ ಮನೆಯವರು ಅಳುತ್ತಾರೆ. ಅದು ಕೊನೆಯ ಸೂಚನೆಯಲ್ಲ, ಊಟದ ದಾರಿ. ಹಾಗೆಂದು ಕೊನೆಯ ದಿನಗಳಲ್ಲಿರುವವರಿಗೆ ಬಲವಂತದಿಂದ ತುರುಕಬಾರದು.

ಔಷಧವೂ ಇದೆ. ಪುದುಚೇರಿಯ ಜಿಪ್‌ಮರ್‌ನಲ್ಲಿ ಕೀಮೋ ಪಡೆಯುತ್ತಿದ್ದ 124 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 2.5 ಮಿ.ಗ್ರಾಂ. ಒಲಾಂಜಪಿನ್ ತೆಗೆದುಕೊಂಡವರಲ್ಲಿ ಶೇ. 60 ಮಂದಿಯ ತೂಕ ಶೇ. 5ಕ್ಕಿಂತ ಹೆಚ್ಚು ಏರಿತು. ಉಳಿದವರಲ್ಲಿ ಅಷ್ಟು ಏರಿದ್ದು ಶೇ. 9 ಮಂದಿಗೆ. ವೈದ್ಯರೇ ಬರೆದುಕೊಡಬೇಕಾದ ಮಾತ್ರೆ ಅದು, ಕೇಳಿ ನೋಡಿ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಸ್ಕ್ಯಾನಿನ ಫೈಲಿನ ಜೊತೆ ಆ ಚೀಟಿಯೂ ಇರಲಿ. ವೈದ್ಯರು ಕೇಳದಿದ್ದರೂ ತೋರಿಸಿ.