ಹಳೆಯ ವಿದ್ಯಾರ್ಥಿಗಳೇ, ಸಮಯವನ್ನೂ ಕೊಡಿ



2020ರ ಲಾಕ್‌ಡೌನ್ ವೇಳೆ ಆನ್‌ಲೈನ್ ಪಾಠಕ್ಕೆ ಫೋನಿಲ್ಲದ ಬಡ ವಿದ್ಯಾರ್ಥಿಗಳಿಗಾಗಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯ ನೆರವು ಕೇಳಿದಾಗ ಹಳೆಯ ವಿದ್ಯಾರ್ಥಿಗಳು ಸ್ಪಂದಿಸಿದರು. ಹಣಕಾಸಿನ ಮುಗ್ಗಟ್ಟಿನಿಂದ 2022ರಲ್ಲೂ ಅದು ಅವರ ಮೊರೆಹೋಯಿತು. ಹಣ ಬೇಕೇ ಬೇಕು. ಆದರೆ ಇದೇ ಊರಲ್ಲಿ ನೆಲೆಸಿರುವ ನಮ್ಮಂಥ ಹಳೆಯ ವಿದ್ಯಾರ್ಥಿಗಳು ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಬಾರದೇ? ಪುರುಲಿಯಾ, ಸುಂದರಬನದ ಕಡೆಯ ಹಳ್ಳಿಗಳಿಂದ ಬಂದ ಎಷ್ಟೋ ಮಕ್ಕಳು ಉತ್ತರ ಗೊತ್ತಿದ್ದರೂ ಸಂದರ್ಶನದಲ್ಲಿ ಇಂಗ್ಲಿಷಿಗೆ ಅಂಜಿ ತಲೆತಗ್ಗಿಸಿ ಕೂರುತ್ತಾರೆ. ಎದುರು ಕೂತು ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಅವರ ದನಿ ತಾನಾಗಿ ಏಳುತ್ತದೆ. ಅರ್ಜಿ ತಿದ್ದಿಕೊಡುವುದು, ಇಂಟರ್ನ್‌ಶಿಪ್‌ಗೆ ದಾರಿ ತೋರುವುದೂ ಆದೀತು. ಯಾರಿಂದ ಏನು ಬೇಕೆಂದು ವಿಭಾಗಗಳೇ ಪಟ್ಟಿ ಮಾಡಿ ತಿಳಿಸಲಿ. ಮೈಸೂರು, ಧಾರವಾಡದ ಕಾಲೇಜುಗಳಲ್ಲೂ ಈ ಕೆಲಸ ಶುರುವಾಗಲಿ.

– ಓದುಗ, ಕೋಲ್ಕತ್ತ