ಕಾಣದ ಕ್ಲಿಪ್ಪಿನ ಆಯುಸ್ಸು ಎಷ್ಟು? ಹೇಳಿ ಮಾರಿ

ರೀಲ್ಸ್ ನೋಡುತ್ತಾ ಕೂತರೆ ನಡುವೆ ಈ ಜಾಹೀರಾತು ಬಂದೇ ಬರುತ್ತದೆ. ತಂತಿ ಬೇಡ, ಯಾರಿಗೂ ಕಾಣಲ್ಲ, ಊಟಕ್ಕೆ ತೆಗೆದಿಡಿ, ಆಮೇಲೆ ಹಾಕಿಕೊಳ್ಳಿ, ಕಂತಿನಲ್ಲಿ ಕಟ್ಟಿ. ಸೊಟ್ಟ ಹಲ್ಲನ್ನು ಸಾಲಿಗೆ ತರುವ ಪಾರದರ್ಶಕ ಪ್ಲಾಸ್ಟಿಕ್ ಕವಚ ಇದು, ಹೆಸರು ಅಲೈನರ್. ಹಾಕು, ತೆಗೆ, ಹಾಕು ಎಂದು ಇಷ್ಟು ಸಲೀಸಾಗಿ ಹೇಳುತ್ತಾರಲ್ಲ, ಹಾಗೆ ಹಾಕಿ ತೆಗೆದರೆ ಆ ಪ್ಲಾಸ್ಟಿಕ್ ಏನಾಗುತ್ತದೆ ಅಂತ ಯಾಕೆ ಹೇಳಲ್ಲ? ನಮ್ಮ ತಕರಾರು ಇಷ್ಟೇ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿಯಿರಿ. ಹಲ್ಲಿನ ಅಳತೆ ತೆಗೆದು, ಹಲ್ಲು ಈಗಿರುವ ಜಾಗದಿಂದ ಸುಮಾರು ಕಾಲು ಮಿಲಿಮೀಟರ್ ಸರಿದಿದೆ ಎಂದು ಲೆಕ್ಕ ಹಿಡಿದು ಅಚ್ಚು ಮಾಡುತ್ತಾರೆ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅದರ ಮೇಲೆ ಕೂರಿಸುತ್ತಾರೆ. ಬಾಯಿಗೆ ಹಾಕಿದಾಗ ಬಿಗಿಯಾಗುತ್ತದೆ. ಆ ಬಿಗಿಯೇ ಹಲ್ಲನ್ನು ತಳ್ಳುವುದು. ಒಂದೆರಡು ವಾರಕ್ಕೆ ಮುಂದಿನ ಕವಚ. ಹೀಗೆ ಇಪ್ಪತ್ತು, ಮೂವತ್ತು, ಕೆಲವರಿಗೆ ಇನ್ನೂ ಹೆಚ್ಚು.

ಆ ಬಿಗಿ ನಿಲ್ಲುವುದಿಲ್ಲ. ಚಡ್ಡಿಯ ಎಲಾಸ್ಟಿಕ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕವಚದ ಒತ್ತಡ ಮೊದಲ ಕೆಲವು ಗಂಟೆಗಳಲ್ಲೇ ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗಿ. ಬಾಯಿಯ ಬಿಸಿ ಇದೆ, ಎಂಜಲ ನೀರನ್ನು ಪ್ಲಾಸ್ಟಿಕ್ ಹೀರುತ್ತದೆ, ರಾತ್ರಿ ಹಲ್ಲು ಕಡಿಯುವವರಾದರೆ ಅದೂ ಸೇರಿತು. ಇದರ ಮೇಲೆ ಹಾಕುವುದು, ತೆಗೆಯುವುದು. ದಿನಕ್ಕೆ ಮೂರು ಊಟ, ಎರಡು ಟೀ ಎಂದರೆ ಐದು ಸಲ. ಹದಿನಾಲ್ಕು ದಿನಕ್ಕೆ 70 ಸಲ. ಉಗುರು ಹಾಕಿ ಎಬ್ಬಿಸುವಾಗ ಪ್ರತಿ ಸಲವೂ ಅಂಚು ಬಾಗುತ್ತದೆ. ಒಂದೇ ಕಡೆಯಿಂದ ಕಿತ್ತರೆ ಸೀಳುವುದೂ ಉಂಟು. ಹಾಕಿ ತೆಗೆದಷ್ಟೂ ಒತ್ತಡ ಕುಂದುತ್ತದೆ ಎಂಬುದು ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಕಂಡಿದೆ.

ಕಂಪನಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಕವಚ ಬದಲಿಸಿ ಎನ್ನುವುದರ ಹಿಂದೆ ಈ ಲೆಕ್ಕವೂ ಇದೆ. ಪ್ಲಾಸ್ಟಿಕ್ ಸವೆಯುವುದು ತಪ್ಪಲ್ಲ. ತಂತಿ ಕ್ಲಿಪ್ಪಿನ ರಬ್ಬರ್ ಉಂಗುರಗಳೂ ಸಡಿಲವಾಗುತ್ತವೆ, ಅದಕ್ಕೇ ಡಾಕ್ಟರು ಆಗಾಗ ಬರಹೇಳುವುದು. ಆದರೆ ಅಲ್ಲಿ ಬದಲಿಸುವ ಕೆಲಸ ಡಾಕ್ಟರದ್ದು. ಇಲ್ಲಿ ಪೂರಾ ಹೊಣೆ ನಿಮ್ಮ ತಲೆಗೆ.

ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು ಎನ್ನುತ್ತಾರೆ. ಉಂಡ ಮೇಲೆ ಹಲ್ಲುಜ್ಜಿ ಹಾಕಬೇಕು. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುವವರು, ಗಾರ್ಮೆಂಟ್ಸಿನಲ್ಲಿ ಊಟಕ್ಕೆ ಅರ್ಧ ಗಂಟೆ ಸಿಗುವವರು ಬ್ರಷ್ ಹಿಡಿದು ನಲ್ಲಿ ಹುಡುಕಬೇಕೇ? ಕವಚ ಹಾಕಿಕೊಂಡೇ ಬಿಸಿ ಟೀ ಕುಡಿದರೆ ಆಕಾರ ಕೆಡಬಹುದು. ಬಿಸಿನೀರಲ್ಲಿ ತೊಳೆದರೂ ಅಷ್ಟೇ. ಅರಿಶಿನ, ಎಲೆ ಅಡಿಕೆಯ ಬಣ್ಣ ಹಿಡಿದರೆ 'ಕಾಣದ ಕ್ಲಿಪ್ಪು' ಊರಿಗೆಲ್ಲ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕಂತು ತಪ್ಪಿದಾಗ. ಮುಂದಿನ ಕವಚಗಳು ಬರುವುದಿಲ್ಲ. ಇದ್ದುದನ್ನೇ ಎರಡು ತಿಂಗಳು ಹಾಕೋಣ, ಕಾಸು ಉಳಿಯಿತು ಅಂದುಕೊಂಡರೆ ಹಲ್ಲು ಮುಂದೆ ಸರಿಯುವುದಿಲ್ಲ. ಸೋತ ಕವಚ ಹೆಚ್ಚೆಂದರೆ ಹಲ್ಲನ್ನು ಇದ್ದಲ್ಲಿ ಹಿಡಿದೀತು. ಹಾಕುವುದನ್ನೇ ಬಿಟ್ಟರೆ ಹಲ್ಲು ಹಳೆ ಜಾಗದ ಕಡೆ ತಿರುಗುತ್ತದೆ, ಆಗ ಹೊಸ ಅಳತೆ, ಹೊಸ ಬಿಲ್ಲು.

ಕಂಪನಿಯೇ ಬಾಗಿಲು ಹಾಕಿದರೆ? ಅಮೆರಿಕದಲ್ಲಿ ಆಗಿದೆ. ಅಲೈನರನ್ನು ಮನೆಗೇ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಮುಚ್ಚಿತು. ಜೀವಮಾನದ ಗ್ಯಾರಂಟಿ ಇನ್ನಿಲ್ಲ ಎಂದಿತು. ಕಂತು ಬಾಕಿ ಇದ್ದವರು ಮಾತ್ರ ಕಟ್ಟುತ್ತಲೇ ಇರಬೇಕು ಎಂದಿತು! ಅರ್ಧ ಸರಿದ ಹಲ್ಲು ಹೊತ್ತವರು ಬೇರೆ ಡಾಕ್ಟರ ಹತ್ತಿರ ಓಡಬೇಕಾಯಿತು.

ಚಿಕಿತ್ಸೆ ಮುಗಿದರೂ ಖರ್ಚು ಮುಗಿಯುವುದಿಲ್ಲ. ಸರಿದ ಹಲ್ಲು ವಾಪಸ್ ಹೋಗದಂತೆ ರಿಟೇನರ್ ಹಾಕಬೇಕು. ಹೆಚ್ಚಾಗಿ ಅದೂ ಇಂಥದೇ ಪ್ಲಾಸ್ಟಿಕ್, ಅದೂ ಸವೆಯುತ್ತದೆ, ಒಡೆಯುತ್ತದೆ, ಮತ್ತೆ ಮಾಡಿಸಬೇಕು. ಜಾಹೀರಾತಿನ ಕಂತಿನಲ್ಲಿ ಇದು ಸೇರಿದೆಯೇ ಎಂದು ಕೇಳಿ ನೋಡಿ, ಮುಖ ನೋಡಿ.

ರಸಗೊಬ್ಬರದ ಚೀಲದ ಮೇಲೆ ಏನಿದೆ ಎಂದು ಬರೆದಿರುತ್ತದೆ. ಬೀಜದ ಪ್ಯಾಕೆಟ್ಟಿನ ಮೇಲೆ ಅವಧಿ ಇರುತ್ತದೆ. ಬಾಯೊಳಗೆ ಇಡುವ ಈ ದುಬಾರಿ ಸಾಮಾನಿಗೂ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಒಟ್ಟು ಎಷ್ಟು ಕವಚ, ಒಂದೊಂದು ಎಷ್ಟು ದಿನ, ಒಡೆದರೆ ಕಳೆದರೆ ಎಷ್ಟು ರೂಪಾಯಿ, ರಿಟೇನರಿಗೆ ಎಷ್ಟು, ಕಂಪನಿ ಮುಚ್ಚಿದರೆ ಯಾರು ಹೊಣೆ, ಎಲ್ಲ ಅದರಲ್ಲಿರಲಿ. ಡಾಕ್ಟರ ಸಹಿ, ತಾರೀಖು ಬೀಳಲಿ. ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಸೊಟ್ಟ ಹಲ್ಲಿಗೇ ಬೇರೆ ವಿಭಾಗವಿದೆ, ತಂತಿಯೋ ಕವಚವೋ ಎಂದು ಅಲ್ಲೊಮ್ಮೆ ತೋರಿಸಿ ಕೇಳಬಹುದು. ಈಗಾಗಲೇ ದುಡ್ಡು ಕಟ್ಟಿ, ಕವಚ ಬಾರದೆ ಕೂತವರು ರಸೀದಿ, ವಾಟ್ಸಾಪ್ ಮೆಸೇಜು ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.